ಓದುಗರ ಪ್ರಶ್ನೆ, ನಮ್ಮ ಉತ್ತರ: ಮೆಸೇಜು, ಮೇಲು, ಫೈಲು

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ದಿನನಿತ್ಯ ಕೈಯಲ್ಲಿರುವ ಆ್ಯಪ್‌ಗಳ ಬಗ್ಗೆಯೇ ಇವೆ. ಆವೃತ್ತಿ ಬದಲಾದಂತೆ ಮೆನುಗಳ ಹೆಸರೂ ಜಾಗವೂ ಒಂದಿಷ್ಟು ಆಚೀಚೆ ಆಗುತ್ತವೆ. ಇಲ್ಲಿ ಹೇಳಿದ ಹೆಸರು ನಿಮ್ಮ ಫೋನಿನಲ್ಲಿ ಕಾಣದಿದ್ದರೆ ಹತ್ತಿರದ ಹೆಸರು ಇದೆಯೇ ನೋಡಿ.

ಪ್ರಶ್ನೆ: ಫೋನಿನಲ್ಲಿ ಜಾಗ ಇಲ್ಲ ಎಂದು ದಿನವೂ ಸೂಚನೆ ಬರುತ್ತದೆ. ಗ್ಯಾಲರಿಯಲ್ಲಿದ್ದ ವಾಟ್ಸ್‌ಆ್ಯಪ್ ಫೋಟೊ, ವಿಡಿಯೊ ಎಲ್ಲ ಅಳಿಸಿದೆ. ಆದರೂ ವಾಟ್ಸ್‌ಆ್ಯಪ್ ಹೆಸರಿನಲ್ಲಿ 18 ಜಿಬಿ ತೋರಿಸುತ್ತಿದೆ. ಇದೆಲ್ಲ ಎಲ್ಲಿ ಅಡಗಿದೆ?

ಗ್ಯಾಲರಿ ತೋರಿಸುವುದು ಇರುವುದರಲ್ಲಿ ಒಂದು ಪಾಲನ್ನು ಮಾತ್ರ. ಮೊದಲು ಗ್ಯಾಲರಿಯ ಕಸದ ಬುಟ್ಟಿ ನೋಡಿ. ಅಳಿಸಿದ ಫೋಟೊಗಳು ಸಾಮಾನ್ಯವಾಗಿ 30 ದಿನ ಅಲ್ಲೇ ಕೂತಿರುತ್ತವೆ. ಅದನ್ನು ಖಾಲಿ ಮಾಡುವವರೆಗೂ ಒಂದು ಎಂಬಿಯೂ ಬಿಡುಗಡೆಯಾಗುವುದಿಲ್ಲ.

ಆಂಡ್ರಾಯ್ಡ್ ಫೋನಾದರೆ ಎರಡನೆಯ ಅಡಗುತಾಣ 'ಸೆಂಟ್' ಎಂಬ ಫೋಲ್ಡರು. ನೀವು ಒಂದು ವಿಡಿಯೊ ಕಳಿಸಿದಾಗ ವಾಟ್ಸ್‌ಆ್ಯಪ್ ಅದರದ್ದೊಂದು ನಕಲು ಮಾಡಿ ಈ ಫೋಲ್ಡರಿನಲ್ಲಿ ಇಟ್ಟುಕೊಳ್ಳುತ್ತದೆ. ಈ ಫೋಲ್ಡರು ಗ್ಯಾಲರಿಗೆ ಕಾಣದಂತೆ ಗುರುತು ಮಾಡಲಾಗಿರುತ್ತದೆ. ಹಾಗಾಗಿ ಮೂಲ ಅಳಿಸಿದರೂ ನಕಲು ಉಳಿಯುತ್ತದೆ. ಇದಲ್ಲದೆ ಪಿಡಿಎಫ್‌ಗಳು, ಧ್ವನಿ ಸಂದೇಶಗಳು, ಫೋನಿನೊಳಗೇ ಉಳಿಯುವ ಬ್ಯಾಕಪ್ ಫೈಲುಗಳು, ಇವು ಯಾವುವೂ ಗ್ಯಾಲರಿಗೆ ಸೇರಿದವಲ್ಲ.

ಸ್ವಚ್ಛ ಮಾಡುವುದನ್ನು ವಾಟ್ಸ್‌ಆ್ಯಪ್ ಒಳಗಿಂದಲೇ ಮಾಡಿ. ಸೆಟ್ಟಿಂಗ್ಸ್, ಅಲ್ಲಿ 'ಸ್ಟೋರೇಜ್ ಅಂಡ್ ಡೇಟಾ', ಅದರೊಳಗೆ 'ಮ್ಯಾನೇಜ್ ಸ್ಟೋರೇಜ್'. ಮೇಲ್ಗಡೆ 5 ಎಂಬಿಗಿಂತ ದೊಡ್ಡ ಫೈಲುಗಳು, ಹಲವು ಬಾರಿ ಫಾರ್ವರ್ಡ್ ಆದವು ಎಂದು ಎರಡು ಗುಂಪು ಇರುತ್ತದೆ. ಅದರ ಕೆಳಗೆ ಯಾವ ಚಾಟ್ ಎಷ್ಟು ಜಾಗ ತಿಂದಿದೆ ಎಂಬ ಪಟ್ಟಿ, ದೊಡ್ಡದರಿಂದ ಚಿಕ್ಕದಕ್ಕೆ. ದೊಡ್ಡ ಫೈಲುಗಳ ಗುಂಪಿನಿಂದ ಶುರುಮಾಡಿ. ಸಾವಿರ ಶುಭೋದಯ ಚಿತ್ರಗಳನ್ನು ಅಳಿಸುವುದಕ್ಕಿಂತ ಹತ್ತು ಉದ್ದ ವಿಡಿಯೊ ತೆಗೆಯುವುದರಿಂದಲೇ ಹೆಚ್ಚು ಜಾಗ ಸಿಗುತ್ತದೆ. ಬೇಕಾದ ಚಿತ್ರಗಳಿಗೆ ಮೊದಲೇ ನಕ್ಷತ್ರ ಹಾಕಿಟ್ಟರೆ ಅವನ್ನು ಬಿಟ್ಟು ಉಳಿದದ್ದನ್ನು ಅಳಿಸುವ ಆಯ್ಕೆ ಸಿಗುತ್ತದೆ.

ಮತ್ತೆ ತುಂಬದಿರಬೇಕಾದರೆ ಅದೇ 'ಸ್ಟೋರೇಜ್ ಅಂಡ್ ಡೇಟಾ' ಪುಟದಲ್ಲಿ 'ಮೀಡಿಯಾ ಆಟೊ ಡೌನ್‌ಲೋಡ್' ಇದೆ. ಮೊಬೈಲ್ ಡೇಟಾ, ವೈಫೈ, ರೋಮಿಂಗ್ ಮೂರಕ್ಕೂ ಬೇರೆ ಬೇರೆ ಆಯ್ಕೆ. ವೈಫೈ ಅಡಿಯಲ್ಲಿ ವಿಡಿಯೊದ ಗುರುತು ತೆಗೆಯುವುದನ್ನು ಬಹಳ ಜನ ಮರೆಯುತ್ತಾರೆ, ತುಂಬುವುದು ಅಲ್ಲಿಂದಲೇ. 'ಮೀಡಿಯಾ ವಿಸಿಬಿಲಿಟಿ' ಎನ್ನುವುದನ್ನು ಆಫ್ ಮಾಡಿದರೆ ಜಾಗ ಉಳಿಯುತ್ತದೆ ಎಂದುಕೊಂಡವರೂ ಇದ್ದಾರೆ. ಅದು ಹೊಸದಾಗಿ ಬಂದದ್ದನ್ನು ಗ್ಯಾಲರಿಯಿಂದ ಮರೆಮಾಡುತ್ತದೆ, ಅಷ್ಟೇ. ಫೈಲು ಫೋನಿನಲ್ಲೇ ಇರುತ್ತದೆ.

ಒಂದು ಎಚ್ಚರಿಕೆ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನ ಆ್ಯಪ್ ಮಾಹಿತಿಯಲ್ಲಿ 'ಕ್ಲಿಯರ್ ಕ್ಯಾಶ್', 'ಕ್ಲಿಯರ್ ಡೇಟಾ' ಎಂಬ ಎರಡು ಗುಂಡಿಗಳು ಅಕ್ಕಪಕ್ಕ ಇರುತ್ತವೆ. ಮೊದಲನೆಯದರಿಂದ ತೊಂದರೆಯಿಲ್ಲ. ಎರಡನೆಯದು ಒತ್ತಿದರೆ ವಾಟ್ಸ್‌ಆ್ಯಪ್ ಹೊಸದಾಗಿ ಹಾಕಿದಂತಾಗಿ ಮತ್ತೆ ನಂಬರ್ ಕೇಳುತ್ತದೆ. ಬ್ಯಾಕಪ್ ಇಲ್ಲದಿದ್ದರೆ ಹಳೆಯ ಮಾತುಕತೆಯೆಲ್ಲ ಕೈಬಿಟ್ಟ ಹಾಗೆಯೇ.

ಪ್ರಶ್ನೆ: ಹೊಸ ಫೋನಿಗೆ ಹೋಗುತ್ತಿದ್ದೇನೆ. ಹಳೆಯ ಮೆಸೇಜುಗಳು ಒಂದೂ ಬಿಡದೆ ಬರಬೇಕು. ಬ್ಯಾಕಪ್ ಆನ್ ಇದೆ. ಅಷ್ಟು ಸಾಕೇ?

ಆನ್ ಇರುವುದು ಬೇರೆ, ನಿಜವಾಗಿ ಆಗಿರುವುದು ಬೇರೆ. ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್ ತೆರೆದು ಕೊನೆಯ ಬ್ಯಾಕಪ್‌ನ ತಾರೀಖು ನೋಡಿ. ಎಷ್ಟೋ ಫೋನುಗಳಲ್ಲಿ ಅದು ತಿಂಗಳುಗಟ್ಟಲೆ ಹಿಂದಿನದ್ದಾಗಿರುತ್ತದೆ. ಬಹುತೇಕ ಕಾರಣ ಒಂದೇ: ಕ್ಲೌಡ್‌ನಲ್ಲಿ ಜಾಗವಿಲ್ಲ. ಗೂಗಲ್ ಖಾತೆಯ ಉಚಿತ 15 ಜಿಬಿಯನ್ನು ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚಿಕೊಳ್ಳುತ್ತವೆ. ಮೊದಲು ಆಂಡ್ರಾಯ್ಡ್‌ನ ವಾಟ್ಸ್‌ಆ್ಯಪ್ ಬ್ಯಾಕಪ್ ಈ ಲೆಕ್ಕಕ್ಕೆ ಬರುತ್ತಿರಲಿಲ್ಲ. 2024ರಿಂದ ಅದೂ ಈ 15ರೊಳಗೇ. ಐಕ್ಲೌಡ್‌ನಲ್ಲಂತೂ ಉಚಿತ ಜಾಗ 5 ಜಿಬಿ ಮಾತ್ರ. ಬ್ಯಾಕಪ್‌ಗೆ ವಿಡಿಯೊ ಸೇರಿಸುವ ಗುಂಡಿ ಆಫ್ ಮಾಡಿದರೆ ಗಾತ್ರ ಬಹಳ ಇಳಿಯುತ್ತದೆ. ಮುಖ್ಯ ವಿಡಿಯೊಗಳನ್ನು ಕಂಪ್ಯೂಟರಿಗೆ ಬೇರೆಯಾಗಿ ನಕಲು ಮಾಡಿಕೊಳ್ಳಿ.

ಈಗ ಮರಳಿ ಪಡೆಯುವ ಕಡೆ. ಆಂಡ್ರಾಯ್ಡ್‌ನಿಂದ ಆಂಡ್ರಾಯ್ಡ್‌ಗೆ ಹೋಗುವಾಗ ಫೋನ್ ನಂಬರ್ ಮತ್ತು ಗೂಗಲ್ ಖಾತೆ ಎರಡೂ ಬ್ಯಾಕಪ್ ಮಾಡಿದಾಗ ಇದ್ದವೇ ಆಗಿರಬೇಕು. ಎರಡು ಮೂರು ಜಿಮೇಲ್ ಖಾತೆ ಇಟ್ಟುಕೊಂಡವರು ಇಲ್ಲೇ ಎಡವುವುದು. ನಂಬರ್ ದೃಢಪಡಿಸಿದ ಕೂಡಲೇ 'ರಿಸ್ಟೋರ್' ಮಾಡಬೇಕೇ ಎಂದು ಕೇಳುತ್ತದೆ. ಅವಸರದಲ್ಲಿ 'ಸ್ಕಿಪ್' ಒತ್ತಿದರೆ ಮತ್ತೆ ಕೇಳುವುದಿಲ್ಲ. ಹಾಗೇನಾದರೂ ಆದರೆ ಆ್ಯಪ್ ತೆಗೆದು ಮತ್ತೆ ಹಾಕಿ, ಆದರೆ ಅದೇ ದಿನ ಹಾಕಿ. ತಡಮಾಡಿದರೆ ಖಾಲಿ ಫೋನಿನ ಹೊಸ ಬ್ಯಾಕಪ್ ಹೋಗಿ ಹಳೆಯದರ ಮೇಲೆ ಕೂರುತ್ತದೆ.

ಎರಡೂ ಫೋನು ಕೈಯಲ್ಲಿದ್ದರೆ ಕ್ಲೌಡ್ ಗೊಡವೆಯೇ ಬೇಡ. ಹಳೆಯ ಫೋನಿನಲ್ಲಿ ಸೆಟ್ಟಿಂಗ್ಸ್, ಚಾಟ್ಸ್, 'ಟ್ರಾನ್ಸ್‌ಫರ್ ಚಾಟ್ಸ್' ತೆರೆದು ಹೊಸ ಫೋನಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಡೇಟಾ ನೇರವಾಗಿ ಹರಿಯುತ್ತದೆ. ನಮ್ಮ ಮಟ್ಟಿಗೆ ಇದೇ ಉತ್ತಮ ದಾರಿ. ಆಂಡ್ರಾಯ್ಡ್‌ನಿಂದ ಐಫೋನಿಗೆ ಹೋಗುವವರಿಗೆ ಮಾತ್ರ ಗೂಗಲ್ ಬ್ಯಾಕಪ್ ಉಪಯೋಗಕ್ಕೆ ಬಾರದು. ಆ್ಯಪಲ್‌ನ 'ಮೂವ್ ಟು ಐಓಎಸ್' ಆ್ಯಪ್ ಮೂಲಕವೇ ಸಾಗಿಸಬೇಕು, ಅದೂ ಐಫೋನನ್ನು ಮೊದಲ ಬಾರಿ ಸಜ್ಜುಗೊಳಿಸುವಾಗ. ಈಗಾಗಲೇ ಬಳಸುತ್ತಿರುವ ಐಫೋನಾದರೆ ಅದನ್ನು ರಿಸೆಟ್ ಮಾಡಿ ಮೊದಲಿನಿಂದ ಶುರುಮಾಡಬೇಕಾಗುತ್ತದೆ.

ಬ್ಯಾಕಪ್‌ಗೂ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ (ಸಂಬಂಧಪಟ್ಟವರ ಹೊರತು ಯಾರೂ ಓದಲಾಗದ ಬೀಗ) ಹಾಕಿದವರು ಅದರ ಪಾಸ್‌ವರ್ಡ್ ಅಥವಾ 64 ಅಂಕಿಯ ಕೀಲಿಯನ್ನು ಕಾಗದದಲ್ಲಿ ಬರೆದಿಡಿ. ಅದು ಕಳೆದರೆ ಕಂಪನಿಯವರೂ ಬ್ಯಾಕಪ್ ಬಿಚ್ಚಿಕೊಡಲಾರರು. ಹಳೆಯ ಫೋನು ಇನ್ನೂ ಕೈಯಲ್ಲಿದ್ದರೆ ಅದರಲ್ಲೇ ಪಾಸ್‌ವರ್ಡ್ ಬದಲಿಸಬಹುದು. ಹಾಗಾಗಿ ಹೊಸದರಲ್ಲಿ ಎಲ್ಲ ಬಂದಿದೆ ಎಂದು ಖಾತ್ರಿಯಾಗುವವರೆಗೆ ಹಳೆಯದನ್ನು ಅಳಿಸಲೂಬೇಡಿ, ಯಾರಿಗೂ ಕೊಡಲೂಬೇಡಿ.

ಪ್ರಶ್ನೆ: ಒಂದೇ ಟಿಕ್ ಬಂದು ನಿಂತಿದೆ. ಅವರು ನನ್ನನ್ನು ಬ್ಲಾಕ್ ಮಾಡಿದ್ದಾರೆಯೇ?

ಒಂದು ಟಿಕ್ ಹೇಳುವುದು ಇಷ್ಟೇ: ನಿಮ್ಮ ಮೆಸೇಜ್ ಸರ್ವರ್ ತಲುಪಿದೆ, ಅವರ ಫೋನ್ ತಲುಪಿಲ್ಲ. ಫೋನ್ ಆಫ್ ಇರಬಹುದು, ನೆಟ್ ಇಲ್ಲದಿರಬಹುದು, ಬ್ಲಾಕ್ ಮಾಡಿರಲೂಬಹುದು. ಇವುಗಳಲ್ಲಿ ಯಾವುದೆಂದು ಹೇಳದಂತೆಯೇ ಅದನ್ನು ರೂಪಿಸಿದ್ದಾರೆ. ತಲುಪದ ಮೆಸೇಜ್ 30 ದಿನ ಸರ್ವರ್‌ನಲ್ಲಿದ್ದು ಆಮೇಲೆ ಅಳಿಸಿಹೋಗುತ್ತದೆ. ಅವಸರದ ವಿಷಯವಿದ್ದರೆ ಫೋನ್ ಮಾಡಿ.

ಪ್ರಶ್ನೆ: ಕ್ಯಾಮೆರಾದಲ್ಲಿ ಸ್ಪಷ್ಟವಾಗಿದ್ದ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಮಸುಕಾಗುತ್ತದೆ. ಮುದ್ರಣಕ್ಕೆ ಕೊಟ್ಟರೆ ಆಗುವುದಿಲ್ಲ ಎನ್ನುತ್ತಾರೆ.

ಫೋಟೊ ಎಂದು ಕಳಿಸಿದರೆ ವಾಟ್ಸ್‌ಆ್ಯಪ್ ಅದರ ಅಳತೆ ಇಳಿಸಿ, ಒತ್ತಿ, ಹಗುರ ಮಾಡಿ ಕಳಿಸುತ್ತದೆ. ಕಳಿಸುವ ಮುನ್ನ ಮೇಲೆ ಕಾಣುವ 'ಎಚ್‌ಡಿ' ಒತ್ತಿದರೆ ಸ್ವಲ್ಪ ಉತ್ತಮ, ಆದರೂ ಮೂಲವಲ್ಲ. ಮುದ್ರಣಕ್ಕಾದರೆ ಪೇಪರ್ ಕ್ಲಿಪ್ ಚಿಹ್ನೆ ಒತ್ತಿ 'ಡಾಕ್ಯುಮೆಂಟ್' ಆರಿಸಿ ಆ ಫೋಟೊ ಫೈಲನ್ನೇ ಲಗತ್ತಿಸಿ. ಆಗ ಒಂದು ಚುಕ್ಕೆಯೂ ಬದಲಾಗದೆ ಹೋಗುತ್ತದೆ. ಮಿತಿ 2 ಜಿಬಿ. ಬೇರೆಯವರಿಂದ ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊವನ್ನು ಡಾಕ್ಯುಮೆಂಟ್ ಮಾಡಿ ಕಳಿಸಿ ಏನೂ ಪ್ರಯೋಜನವಿಲ್ಲ, ಕಳೆದುಹೋದ ವಿವರ ಮರಳಿ ಬರುವುದಿಲ್ಲ. ತೆಗೆದವರಿಂದಲೇ ಮೂಲ ಕೇಳಿ.

ಇದರಲ್ಲೊಂದು ಸೂಕ್ಷ್ಮವಿದೆ. ಫೋಟೊ ಫೈಲಿನೊಳಗೆ ತೆಗೆದ ಸಮಯ, ಕ್ಯಾಮೆರಾ, ಲೊಕೇಶನ್ ಆನ್ ಇದ್ದರೆ ತೆಗೆದ ಜಾಗ ಎಲ್ಲವೂ ದಾಖಲಾಗಿರುತ್ತದೆ. ಮಾಮೂಲಿಯಾಗಿ ಕಳಿಸಿದಾಗ ಇದು ಕಳಚಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದಾಗ ಉಳಿಯುತ್ತದೆ. ಮನೆಯಲ್ಲಿ ತೆಗೆದ ಫೋಟೊವನ್ನು ಅಪರಿಚಿತರಿಗೆ ಹೀಗೆ ಕಳಿಸುವ ಮುನ್ನ ಒಮ್ಮೆ ಯೋಚಿಸಿ.

ಪ್ರಶ್ನೆ: 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಫೈಲುಗಳನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ವಿಚಿತ್ರ ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಫೈಲ್ ಕೆಟ್ಟಿದೆಯೇ?

ಕೆಟ್ಟಿಲ್ಲ. ಆ ಫೈಲಿನಲ್ಲಿ ಕನ್ನಡ ಎಂದೂ ಇರಲೇ ಇಲ್ಲ, ಇದ್ದದ್ದು ಕನ್ನಡದ ಚಿತ್ರ ಮಾತ್ರ. ಹಳೆಯ ನುಡಿ, ಬರಹ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಹಳೆಯ ನುಡಿ ಫೈಲಿನಲ್ಲಿ 'ಕನ್ನಡ' ಪದದ ಮೊದಲ ಅಕ್ಷರ 'ಕ' ಎಂದರೆ ವಾಸ್ತವದಲ್ಲಿ ಇಂಗ್ಲಿಷಿನ ದೊಡ್ಡ 'ಪಿ', ಅದರ ಪಕ್ಕ ನೆತ್ತಿಯ ಮೇಲೆ ಗೀಟಿರುವ 'ಎ'. ಮುಂದಿನ 'ನ'ಗೆ ಪೌಂಡ್ ಚಿಹ್ನೆ ಮತ್ತು ಅದೇ ಗೀಟಿನ 'ಎ'. ಫಾಂಟ್ ಇದ್ದಲ್ಲಿ ಇವು ಕನ್ನಡದ ವೇಷದಲ್ಲಿ ಕಾಣುತ್ತವೆ, ಇಲ್ಲದಲ್ಲಿ ವೇಷ ಕಳಚುತ್ತದೆ. ಹುಡುಕಾಟ, ಅಕಾರಾದಿ ಜೋಡಣೆ, ಅಂಧರಿಗಾಗಿ ಓದಿ ಹೇಳುವ ತಂತ್ರಾಂಶ ಯಾವುದೂ ಇಂಥ ಫೈಲಿನಲ್ಲಿ ಕೆಲಸ ಮಾಡದಿರುವುದೂ ಇದೇ ಕಾರಣಕ್ಕೆ. ಅದರಿಂದ ಮಾಡಿದ ಪಿಡಿಎಫ್ ನೋಡಲು ಚೆನ್ನಾಗಿದ್ದರೂ ಅಲ್ಲಿಂದ ಕಾಪಿ ಮಾಡಿದರೆ ಮತ್ತೆ ಅದೇ ಕಲಸುಮೇಲೋಗರ.

ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಹಾಗಲ್ಲ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅಲ್ಲಿ ಸ್ವಂತ ಜಾಗವಿದೆ. 'ಕ'ಗೆ ಅದರದ್ದೇ ಸಂಕೇತ, ಫಾಂಟ್ ಯಾವುದಿದ್ದರೂ ಅದು 'ಕ'ವೇ.

ಓದಿದರೆ ಸಾಕು ಎಂದಾದರೆ ಆ ಫಾಂಟ್ ಹಾಕಿಕೊಳ್ಳಿ. ತಿದ್ದಿ ಬಳಸಬೇಕಾದರೆ ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತನ್ನಿ. ಪರಿವರ್ತಿಸುವ ಮುನ್ನ ಮೂಲದ ಒಂದು ಪ್ರತಿ ಬೇರೆ ಇಡಿ. ಫೈಲಿನಲ್ಲಿ ನಡುನಡುವೆ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕಕ್ಕೆ ಎರಡರ ವ್ಯತ್ಯಾಸ ತಿಳಿಯುವುದಿಲ್ಲ, ಅವನ್ನೂ ಕನ್ನಡ ಎಂದುಕೊಂಡು ಅರ್ಥವಿಲ್ಲದ ಅಕ್ಷರ ಮಾಡಿಬಿಡುತ್ತದೆ. ಅಂಥ ಭಾಗಗಳನ್ನು ಮೊದಲೇ ಗುರುತು ಹಾಕಿಟ್ಟು ಆಮೇಲೆ ಕೈಯಾರೆ ಸೇರಿಸಿ. ಪರಿವರ್ತನೆಯಾದ ಮೇಲೆ ಅರ್ಕಾವತ್ತು ಬರುವ ಪದಗಳು, ಉದ್ಧರಣ ಚಿಹ್ನೆಗಳು, ಅಂಕಿಗಳು, ಈ ಮೂರನ್ನು ಕಣ್ಣಾರೆ ನೋಡಿ. ತಪ್ಪು ನುಸುಳುವುದು ಹೆಚ್ಚಾಗಿ ಇಲ್ಲೇ.

'ನನಗೆ ನುಡಿ ಕೀಲಿಮಣೆಯೇ ರೂಢಿ, ಯೂನಿಕೋಡ್ ಬೇಡ' ಎನ್ನುವವರಿಗೆ: ಕೀಲಿಮಣೆಯ ವಿನ್ಯಾಸ ಬೇರೆ, ಅಕ್ಷರ ಉಳಿಯುವ ಸಂಕೇತ ಬೇರೆ. ನುಡಿ ಬಳಸುವ ಕೆ.ಪಿ. ರಾವ್ ಅವರ ವಿನ್ಯಾಸದಲ್ಲೇ ಬೆರಳಾಡಿಸುತ್ತ ಯೂನಿಕೋಡ್ ಬರೆಯಬಹುದು. ನುಡಿ, ಬರಹಗಳ ಈಚಿನ ಆವೃತ್ತಿಗಳಲ್ಲಿ ಆ ಆಯ್ಕೆ ಇದೆ. ಬೆರಳಿಗೆ ಹೊಸ ಪಾಠ ಏನೂ ಬೇಕಿಲ್ಲ.

ಪ್ರಶ್ನೆ: ಇಂಗ್ಲಿಷಿನಲ್ಲಿ ಒಂದು ಎಸ್‌ಎಂಎಸ್ ಆಗುವ ವಿಷಯ ಕನ್ನಡದಲ್ಲಿ ಬರೆದರೆ ಮೂರು ಎಸ್‌ಎಂಎಸ್ ಎಂದು ತೋರಿಸುತ್ತದೆ. ಯಾಕೆ?

ಒಂದು ಎಸ್‌ಎಂಎಸ್‌ನಲ್ಲಿ ಹಿಡಿಸುವುದು 140 ಬೈಟ್, ಅಂದರೆ 1120 ಬಿಟ್. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕು, ಹಾಗಾಗಿ 160 ಅಕ್ಷರ ಹಿಡಿಸುತ್ತವೆ. ಕನ್ನಡ ಸಂಕೇತವೊಂದಕ್ಕೆ ಸಾಮಾನ್ಯವಾಗಿ 16 ಬಿಟ್ ಬೇಕು, ಹಾಗಾಗಿ 70. ಅದೂ ನಾವು ಎಣಿಸುವ ಅಕ್ಷರಗಳಲ್ಲ. 'ನಮಸ್ಕಾರ' ಕಣ್ಣಿಗೆ ನಾಲ್ಕು ಅಕ್ಷರ. ಒಳಗೆ ನ, ಮ, ಸ, ಸ್ವರ ತೆಗೆಯುವ ಹಲಂತ ಚಿಹ್ನೆ, ಕ, ದೀರ್ಘ, ರ ಎಂದು ಏಳು. ಹತ್ತು ನಮಸ್ಕಾರಕ್ಕೇ ಒಂದು ಎಸ್‌ಎಂಎಸ್ ಭರ್ತಿ, ನಡುವೆ ಜಾಗ ಬಿಡುವಂತೆಯೂ ಇಲ್ಲ. ಮೆಸೇಜ್ ಒಂದಕ್ಕಿಂತ ಹೆಚ್ಚಾದರೆ ತುಂಡುಗಳನ್ನು ಜೋಡಿಸುವ ಮಾಹಿತಿಗೂ ಜಾಗ ಬೇಕಾಗಿ ಪ್ರತಿ ತುಂಡಿನ ಮಿತಿ ಕನ್ನಡಕ್ಕೆ 67, ಇಂಗ್ಲಿಷಿಗೆ 153ಕ್ಕೆ ಇಳಿಯುತ್ತದೆ. ಇಡೀ ಇಂಗ್ಲಿಷ್ ಮೆಸೇಜಿನಲ್ಲಿ ಒಂದೇ ಒಂದು ಕನ್ನಡ ಅಕ್ಷರವೋ ಇಮೋಜಿಯೋ ಸೇರಿದರೂ ಎಲ್ಲವೂ 70ರ ಲೆಕ್ಕಕ್ಕೆ ಬೀಳುತ್ತದೆ.

ಪ್ರಶ್ನೆ: ಎಕ್ಸೆಲ್‌ನಲ್ಲಿ ಸದಸ್ಯರ ಪಟ್ಟಿ ಮಾಡಿದರೆ ಸೊನ್ನೆಯಿಂದ ಶುರುವಾಗುವ ನಂಬರುಗಳ ಸೊನ್ನೆ ಮಾಯವಾಗುತ್ತದೆ. ಉದ್ದ ನಂಬರಿನ ಕೊನೆಯ ಅಂಕಿಗಳು ತಾವಾಗಿಯೇ ಸೊನ್ನೆಯಾಗುತ್ತವೆ. ಹೆಸರುಗಳಿರುವ ಸಿಎಸ್‌ವಿ ಫೈಲ್ ತೆರೆದರೆ ಕನ್ನಡವೂ ಹೋಗುತ್ತದೆ.

ಎಕ್ಸೆಲ್ ಲೆಕ್ಕ ಮಾಡಲು ಹುಟ್ಟಿದ್ದು. ಅಂಕಿ ಕಂಡರೆ ಅದು ಮೊತ್ತ ಎಂದೇ ಭಾವಿಸುತ್ತದೆ, ಮೊತ್ತದ ಎಡಗಡೆಯ ಸೊನ್ನೆಗೆ ಬೆಲೆಯಿಲ್ಲ. ಸಂಖ್ಯೆಯಲ್ಲಿ ಅದು ನೆನಪಿಡುವುದು 15 ಅಂಕಿ. 16ನೆಯದರಿಂದ ಮುಂದೆ ಎಲ್ಲ ಸೊನ್ನೆ. ಒಮ್ಮೆ ಹೋದ ಅಂಕಿ ಫಾರ್ಮ್ಯಾಟ್ ಬದಲಿಸಿದರೂ ಮರಳುವುದಿಲ್ಲ. ಆದ್ದರಿಂದ ಟೈಪ್ ಮಾಡುವ ಮೊದಲೇ ಆ ಕಾಲಂ ಆಯ್ದು ಫಾರ್ಮ್ಯಾಟನ್ನು 'ಟೆಕ್ಸ್ಟ್' ಮಾಡಿ. ಒಂದೆರಡು ಕೋಶಕ್ಕಾದರೆ ಅಂಕಿಯ ಮುಂದೆ ಒಂಟಿ ಉದ್ಧರಣ ಚಿಹ್ನೆ ಹಾಕಿದರೆ ಸಾಕು, ಅದು ಕಾಣುವುದಿಲ್ಲ. ಕೂಡಿಸಿ ಕಳೆಯುವ ಪ್ರಮೇಯವಿಲ್ಲದ ಅಂಕಿಗಳೆಲ್ಲ, ಅಂದರೆ ಫೋನ್ ನಂಬರ್, ಖಾತೆ ಸಂಖ್ಯೆ, ಗುರುತು ಸಂಖ್ಯೆ, ಟೆಕ್ಸ್ಟ್ ಆಗಿಯೇ ಇರಲಿ.

ಸಿಎಸ್‌ವಿ ಫೈಲನ್ನು (ಕಾಲಂಗಳ ನಡುವೆ ಅಲ್ಪವಿರಾಮ ಹಾಕಿದ ಬರೀ ಅಕ್ಷರಗಳ ಫೈಲು) ಎರಡು ಸಲ ಕ್ಲಿಕ್ ಮಾಡಿ ತೆರೆಯಬೇಡಿ. ಖಾಲಿ ಹಾಳೆ ತೆರೆದು 'ಡೇಟಾ' ಮೆನುವಿನ 'ಫ್ರಮ್ ಟೆಕ್ಸ್ಟ್/ಸಿಎಸ್‌ವಿ' ಮೂಲಕ ತನ್ನಿ. 'ಫೈಲ್ ಒರಿಜಿನ್' ಎಂಬಲ್ಲಿ 65001 ಸಂಖ್ಯೆಯ ಯೂನಿಕೋಡ್ ಯುಟಿಎಫ್-8 ಆರಿಸಿದರೆ ಕನ್ನಡ ಸರಿಯಾಗಿ ಬರುತ್ತದೆ. ಅಲ್ಲೇ 'ಟ್ರಾನ್ಸ್‌ಫಾರ್ಮ್' ಒತ್ತಿ ನಂಬರುಗಳ ಕಾಲಂ ಟೆಕ್ಸ್ಟ್ ಮಾಡಿ. ಉಳಿಸುವಾಗಲೂ ಬರೀ ಸಿಎಸ್‌ವಿ ಅಲ್ಲ, 'ಸಿಎಸ್‌ವಿ ಯುಟಿಎಫ್-8' ಆಯ್ಕೆ ಬೇಕು.

ನಿಮಗೊಬ್ಬರಿಗೇ ಈ ಕಾಟ ಎಂದುಕೊಳ್ಳಬೇಡಿ. 'ಮಾರ್ಚ್1' ಎಂಬಂಥ ಹೆಸರಿನ ಜೀನ್‌ಗಳನ್ನು ಎಕ್ಸೆಲ್ ತಾರೀಖು ಮಾಡುತ್ತಿದೆ ಎಂದು ಬೇಸತ್ತು, ಜೀನ್‌ಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯೇ ಅವುಗಳ ಹೆಸರು ಬದಲಿಸಿತು. 2020ರಲ್ಲಿ ಈ ಬಗ್ಗೆ ಮಾರ್ಗಸೂಚಿಯೂ ಬಂತು. ತಂತ್ರಾಂಶಕ್ಕೆ ವಿಜ್ಞಾನ ತಲೆಬಾಗಿದ ಪ್ರಸಂಗ ಅದು.

ಪ್ರಶ್ನೆ: 8 ಎಂಬಿ ಫೈಲು ಮೇಲ್ ಮಾಡಿದರೆ 'ಮಿತಿ 10 ಎಂಬಿ, ನಿಮ್ಮದು ಹೆಚ್ಚಾಗಿದೆ' ಎಂದು ವಾಪಸ್ ಬಂತು. ಲೆಕ್ಕ ತಪ್ಪಿದ್ದು ಎಲ್ಲಿ?

ಲೆಕ್ಕ ಸರಿಯೇ ಇದೆ. ಇಮೇಲ್ ಮೂಲತಃ ಬರೀ ಅಕ್ಷರ ಸಾಗಿಸುವ ವ್ಯವಸ್ಥೆ. ಫೈಲು ಲಗತ್ತಿಸಿದಾಗ ಅದನ್ನೂ ಅಕ್ಷರಗಳಾಗಿ ಬದಲಿಸುತ್ತಾರೆ. ಪ್ರತಿ 3 ಬೈಟ್ 4 ಅಕ್ಷರವಾಗುತ್ತದೆ, ಅಂದರೆ ಗಾತ್ರ ಮೂರನೇ ಒಂದು ಪಾಲು ಹೆಚ್ಚು. 8 ಎಂಬಿ ದಾರಿಯಲ್ಲಿ ಸುಮಾರು 10.7 ಎಂಬಿ ಆಯಿತು. ಜಿಮೇಲ್ 25 ಎಂಬಿವರೆಗೆ ಲಗತ್ತಿಸಲು ಬಿಟ್ಟರೂ ಆಚೆ ಕಡೆಯ ಸರ್ವರ್ ಒಪ್ಪಬೇಕಲ್ಲ. ಜಿಪ್ ಮಾಡಿದರೂ ಫೋಟೊ, ವಿಡಿಯೊಗಳ ಗಾತ್ರ ಹೆಚ್ಚೇನೂ ಇಳಿಯುವುದಿಲ್ಲ, ಅವು ಮೊದಲೇ ಒತ್ತಿಟ್ಟ ಫೈಲುಗಳು. ಡ್ರೈವ್‌ನಲ್ಲಿಟ್ಟು ಲಿಂಕ್ ಕಳಿಸಿ. ಕಳಿಸುವ ಮುನ್ನ ಲಿಂಕ್‌ನ ಅನುಮತಿ 'ರಿಸ್ಟ್ರಿಕ್ಟೆಡ್' ಇದೆಯೇ ನೋಡಿ. ಇದ್ದರೆ ಪಡೆದವರು ಅನುಮತಿ ಕೇಳಿ ನಿಮಗೆ ಮತ್ತೆ ಮೇಲ್ ಹಾಕುತ್ತಾರೆ, ನೀವು ಅದನ್ನು ಎರಡು ದಿನ ಬಿಟ್ಟು ನೋಡುತ್ತೀರಿ.

ಪ್ರಶ್ನೆ: ಪರಿಚಯದವರ ನಂಬರಿನಿಂದಲೇ 'ನಿಮಗೆ ತಪ್ಪಿ ಒಂದು ಕೋಡ್ ಬಂದಿದೆ, ಕಳಿಸಿ' ಎಂದು ಮೆಸೇಜ್ ಬಂತು. ಕಳಿಸಿಬಿಟ್ಟೆ. ಈಗ ನನ್ನ ವಾಟ್ಸ್‌ಆ್ಯಪ್ ತೆರೆಯುತ್ತಿಲ್ಲ.

ಆ 6 ಅಂಕಿ ನಿಮ್ಮ ಖಾತೆಯ ಬೀಗದ ಕೈ. ಪರಿಚಯದವರ ಖಾತೆಯೂ ಹೀಗೇ ಹೋಗಿರುತ್ತದೆ. ತಡಮಾಡದೆ ನಿಮ್ಮ ಫೋನಿನಲ್ಲಿ ನಿಮ್ಮ ನಂಬರ್ ಹಾಕಿ ಮತ್ತೆ ನೋಂದಾಯಿಸಿ. ಹೊಸ ಕೋಡ್ ನಿಮ್ಮ ಸಿಮ್‌ಗೇ ಬರುತ್ತದೆ, ಅದನ್ನು ಹಾಕಿದ ಕೂಡಲೇ ಕಳ್ಳ ಹೊರಬೀಳುತ್ತಾನೆ. ನೀವು ಇಟ್ಟಿರದ ಪಿನ್ ಕೇಳಿದರೆ ಅದು ಅವನು ಇಟ್ಟದ್ದು. ಪಿನ್ ಇಲ್ಲದೆ ಒಳಹೋಗಲು 7 ದಿನ ಕಾಯಬೇಕು, ಆದರೆ ಕೋಡ್ ಹಾಕಿದ ಮೇಲೆ ಅವನೂ ಒಳಗಿರುವುದಿಲ್ಲ. ಈ ನಡುವೆ ನಿಮ್ಮ ಹೆಸರಿನಲ್ಲಿ ಹಣ ಕೇಳಿದರೆ ಕೊಡಬೇಡಿ ಎಂದು ಎಲ್ಲರಿಗೂ ಫೋನಿನಲ್ಲೇ ತಿಳಿಸಿ.

ಖಾತೆ ಸಿಕ್ಕಮೇಲೆ ಎರಡು ಕೆಲಸ. 'ಲಿಂಕ್ಡ್ ಡಿವೈಸಸ್' ತೆರೆದು ಗುರುತಿಲ್ಲದ ಕಂಪ್ಯೂಟರ್, ಫೋನುಗಳನ್ನು ಲಾಗ್‌ಔಟ್ ಮಾಡಿ. ಆಮೇಲೆ ಸೆಟ್ಟಿಂಗ್ಸ್, ಅಕೌಂಟ್, 'ಟು-ಸ್ಟೆಪ್ ವೆರಿಫಿಕೇಶನ್'ನಲ್ಲಿ 6 ಅಂಕಿಯ ಪಿನ್ ಇಡಿ, ಇಮೇಲ್ ವಿಳಾಸವನ್ನೂ ಕೊಡಿ. ಪಿನ್ ಮರೆತರೆ ಕೈ ಹಿಡಿಯುವುದು ಅದೇ ವಿಳಾಸ. ಸ್ಟಾರ್, ಹ್ಯಾಶ್ ಇರುವ ಯಾವುದೋ ನಂಬರ್ ಒತ್ತಿ ಎಂದು ಯಾರಾದರೂ ಹೇಳಿದರೆ ಅದನ್ನೂ ಒತ್ತಬೇಡಿ. ನಿಮ್ಮ ಕರೆಗಳು ಬೇರೆ ನಂಬರಿಗೆ ತಿರುಗಿ, ಕರೆಯ ಮೂಲಕ ಹೇಳುವ ಕೋಡ್ ಅವರ ಕಿವಿಗೆ ಬೀಳುತ್ತದೆ.

ಪ್ರಶ್ನೆ: ವಾಟ್ಸ್‌ಆ್ಯಪ್‌ಗಿಂತ ಟೆಲಿಗ್ರಾಂ ಹೆಚ್ಚು ಗುಟ್ಟಿನದು ಎನ್ನುತ್ತಾರೆ. ಹೌದೇ?

ಮಾಮೂಲಿ ಚಾಟ್‌ಗಳ ಮಟ್ಟಿಗೆ ಮಾತು ಉಲ್ಟಾ. ವಾಟ್ಸ್‌ಆ್ಯಪ್‌ನಲ್ಲಿ 2016ರಿಂದ ವೈಯಕ್ತಿಕ ಮತ್ತು ಗ್ರೂಪ್ ಮಾತುಕತೆ ತಾನಾಗಿಯೇ ಎಂಡ್-ಟು-ಎಂಡ್ ಎನ್‌ಕ್ರಿಪ್ಟ್ ಆಗುತ್ತದೆ. ಟೆಲಿಗ್ರಾಂನಲ್ಲಿ ಅದು 'ಸೀಕ್ರೆಟ್ ಚಾಟ್' ಶುರುಮಾಡಿದರೆ ಮಾತ್ರ, ಅದೂ ಇಬ್ಬರ ನಡುವೆ. ಉಳಿದದ್ದೆಲ್ಲ ಅವರ ಸರ್ವರ್‌ನಲ್ಲಿರುತ್ತದೆ. ಅದರಿಂದಲೇ ಫೋನ್ ಬದಲಿಸಿದರೂ ಟೆಲಿಗ್ರಾಂನ ಹಳೆಯ ಮೆಸೇಜ್ ಬ್ಯಾಕಪ್ ಇಲ್ಲದೆ ಬರುತ್ತದೆ ಎಂಬುದೂ ನಿಜ. ದೊಡ್ಡ ಫೈಲು, ದೊಡ್ಡ ಗುಂಪಿಗೆ ಟೆಲಿಗ್ರಾಂ ಅನುಕೂಲ. ಗುಟ್ಟೇ ಮುಖ್ಯವಾದರೆ 'ಸಿಗ್ನಲ್' ಎಂಬ ಆ್ಯಪ್ ನೋಡಿ.

ಪ್ರಶ್ನೆ: ಗ್ರೂಪ್ ಬಿಟ್ಟರೆ ಎಲ್ಲರಿಗೂ ಗೊತ್ತಾಗುತ್ತದಲ್ಲ, ಸಂಕೋಚ.

2022ರಿಂದ ವಾಟ್ಸ್‌ಆ್ಯಪ್‌ನಲ್ಲಿ ಆ ಸೂಚನೆ ಹೋಗುವುದು ಅಡ್ಮಿನ್‌ಗಳಿಗೆ ಮಾತ್ರ. ಆದರೆ ಬಿಟ್ಟವರ ಹೆಸರು 60 ದಿನದವರೆಗೆ ಗ್ರೂಪ್ ಮಾಹಿತಿಯ ಕೊನೆಯಲ್ಲಿ, ಹುಡುಕಿದವರಿಗೆ ಸಿಗುತ್ತದೆ. ಅಷ್ಟೂ ಬೇಡವೆಂದರೆ ಗ್ರೂಪನ್ನು ಮ್ಯೂಟ್ ಮಾಡಿ ಆರ್ಕೈವ್‌ಗೆ ಹಾಕಿ. ಸೆಟ್ಟಿಂಗ್ಸ್‌ನ ಚಾಟ್ಸ್‌ನಲ್ಲಿ 'ಕೀಪ್ ಚಾಟ್ಸ್ ಆರ್ಕೈವ್ಡ್' ಆನ್ ಇದ್ದರೆ ಹೊಸ ಮೆಸೇಜ್ ಬಂದರೂ ಅದು ಮೇಲೆ ಬರುವುದಿಲ್ಲ. ಮೀಡಿಯಾ ಆಟೊ ಡೌನ್‌ಲೋಡ್ ಆಫ್ ಮಾಡಿರದಿದ್ದರೆ ಅದರ ವಿಡಿಯೊಗಳು ಮಾತ್ರ ಇಳಿಯುತ್ತಲೇ ಇರುತ್ತವೆ.